ಪ್ರಶ್ನೆ ಬರೋ ಪುಸ್ತಕವೇ ಒಳ್ಳೇ ಪುಸ್ತಕ

ಹೊಸದಾಗಿ ಪ್ರೋಗ್ರಾಮಿಂಗ್ ಕಲಿಯೋರಿಗೆ ಯಾವ ಪುಸ್ತಕ ಕೊಡಬೇಕು ಅಂತ ಲೋಕದಲ್ಲೆಲ್ಲ ತಲೆ ಕೆಡಿಸ್ಕೋತಾರಂತೆ, ನಮ್ಮ ಎಷ್ಟೋ ಕಾಲೇಜುಗಳಲ್ಲಿ ಆ ತಾಪತ್ರಯನೇ ಇಲ್ಲ. ಹಳೇ ಪ್ರಶ್ನೆಪತ್ರಿಕೆಗಳನ್ನ ಮುಂದಿಟ್ಕೊಳ್ಳೋದು, ಯಾವ ಪುಸ್ತಕದಲ್ಲಿ ಉತ್ತರ ರೆಡಿಯಾಗಿ ಸಿಗುತ್ತೋ ಅದೇ ಟೆಕ್ಸ್ಟ್‌ಬುಕ್, ಮಿಕ್ಕಿದ್ದೆಲ್ಲ ರೆಫರೆನ್ಸು, ಅಂದ್ರೆ ಲೈಬ್ರರಿ ಬೀರುವಿನಲ್ಲಿಟ್ಟು ಬೀಗ ಹಾಕೋ ಪುಸ್ತಕ.

ಹಾಗೆ ಆರಿಸಿದ್ದನ್ನ ತೆಗೆದು ನೋಡಿ. ಮೊದಲ ಅಧ್ಯಾಯ ಪೂರ್ತಿ ಅಜ್ಜನ ಕಾಲದ ಕಂಪ್ಯೂಟರ್‌ಗಳ ವ್ಯಾಕ್ಯೂಮ್ ಟ್ಯೂಬು. ಆಮೇಲೆ ಫ್ಲೋಚಾರ್ಟು, ಪೆನ್ಸಿಲ್ ಸ್ಕೇಲ್ ಇಲ್ಲದೆ ಬರೆದ್ರೆ ರೆಕಾರ್ಡ್‌ಗೆ ಸೈನ್ ಬೀಳಲ್ಲ. ಅದಾದ್ಮೇಲೆ ವಾಯ್ಡ್ ಮೇನ್, ಕೊನಿಯೊ ಡಾಟ್ ಹೆಚ್, ಗೆಟ್‌ಸಿಎಚ್, ಎಲ್ಲ ಬೋರ್ಲ್ಯಾಂಡ್ ಕಂಪನಿ 1990ರ ಸುಮಾರಿಗೆ ಡಾಸ್ ಅನ್ನೋ ಹಳೇ ಆಪರೇಟಿಂಗ್ ಸಿಸ್ಟಮ್‌ಗೆ ಅಂತ ಮಾಡಿದ, ಸಿ ಮತ್ತು ಸಿ ಪ್ಲಸ್ ಪ್ಲಸ್ ಭಾಷೆಗಳ ಪ್ರೋಗ್ರಾಮ್ ಬರೆದು ಓಡಿಸೋ ಟರ್ಬೋ ಸಿ ಪ್ಲಸ್ ಪ್ಲಸ್ ಸಾಫ್ಟ್‌ವೇರಿನ ಕಾಲದ ಸರಕು. ಸಿ ಪ್ಲಸ್ ಪ್ಲಸ್‌ಗೆ 1998ರಲ್ಲೇ ಸ್ಟ್ಯಾಂಡರ್ಡ್ ಬಂದು ಪ್ರೋಗ್ರಾಮಿನ ತಲೆಯಲ್ಲಿ ಬರೆಯೋ ಐಓಸ್ಟ್ರೀಮ್ ಹೆಸರಿನ ಬಾಲದಲ್ಲಿದ್ದ ಡಾಟ್ ಹೆಚ್ ಉದುರಿ ಹೋಯ್ತು, ಆಗಿನ್ನೂ ಹುಟ್ಟೇ ಇರದ ಹುಡುಗರು ಈಗ ಆ ಬಾಲನೇ ಬಾಯಿಪಾಠ ಮಾಡ್ತಿದ್ದಾರೆ.

ಈ ಟರ್ಬೋ 64 ಬಿಟ್ ವಿಂಡೋಸ್‌ನಲ್ಲಿ ನೇರವಾಗಿ ಓಡಲ್ಲ ನೋಡಿ, ಅದಕ್ಕೇ ಡಾಸ್ ಥರ ನಟಿಸೋ ಡಾಸ್‌ಬಾಕ್ಸ್ ಹಾಕಿ ಓಡಿಸ್ತಾರೆ. ಡಾಸ್‌ಬಾಕ್ಸ್ ಹುಟ್ಟಿದ್ದೇ ಹಳೇ ಗೇಮ್ ಆಡೋಕೆ. ಗೋಡೆ ಮೇಲೆ ‘ಲ್ಯಾಬಿನಲ್ಲಿ ಗೇಮ್ ಆಡುವುದನ್ನು ನಿಷೇಧಿಸಲಾಗಿದೆ’ ಅಂತ ಬೋರ್ಡು, ಅದರ ಕೆಳಗೇ ಗೇಮ್ ಆಡ್ಸೋ ಸಾಫ್ಟ್‌ವೇರಲ್ಲಿ ಟರ್ಬೋದ ನೀಲಿ ಸ್ಕ್ರೀನ್ ತೆಗೆದು ಪಾಠ!

ಪುಸ್ತಕದ ಪ್ರಕಾರ ಇಂಟ್, ಅಂದ್ರೆ ಪೂರ್ಣಾಂಕ ಇಡೋ ಜಾಗ, 2 ಬೈಟು. ಹುಡುಗಿ ಮನೇಲಿ ಲ್ಯಾಪ್‌ಟಾಪಲ್ಲಿ ನೋಡಿದ್ರೆ 4. ವೈವಾದಲ್ಲಿ ಹಾಗಂದ್ಳೋ, ಮುಗೀತು.

‘ಟೆಕ್ಸ್ಟ್‌ಬುಕ್ ಓದಿದ್ದೀಯೇನಮ್ಮಾ?’

‘ರನ್ ಮಾಡಿ ನೋಡ್ದೆ ಸಾರ್.’

‘ರನ್ ಮಾಡು ಅಂತ ಯಾರು ಹೇಳಿದ್ರು? ಓದ್ಕೊಂಡು ಬಾ ಅಂದಿದ್ದು!’

ಇನ್ನು ಐ ಪ್ಲಸ್ ಪ್ಲಸ್‌ಗೆ ಪ್ಲಸ್ ಪ್ಲಸ್ ಐ (ಎರಡೂ ಐ ಬೆಲೆಗೆ ಒಂದು ಸೇರಿಸೋ ಬಗೆ) ಕೂಡಿಸಿದ್ರೆ ಔಟ್‌ಪುಟ್ ಎಷ್ಟು ಅನ್ನೋ ಅಮರ ಪ್ರಶ್ನೆ. ಇದಕ್ಕೆ ಇಂಥದ್ದೇ ಉತ್ತರ ಅಂತಿಲ್ಲಪ್ಪಾ ಅಂತ ಸಿ ಭಾಷೆಯ ಸ್ಟ್ಯಾಂಡರ್ಡೇ ಕೈಚೆಲ್ಲಿ ಕೂತಿದೆ, ನಮ್ಮ ಕೀ ಆನ್ಸರಲ್ಲಿ ಮಾತ್ರ ಉತ್ತರನೂ ಇದೆ, ಅದಕ್ಕೆ ಎರಡು ಮಾರ್ಕ್ಸೂ ಇದೆ.

ಈಗ ಸಿಲಬಸ್‌ಗೆ ಪೈಥಾನ್ ಭಾಷೆ ಬಂತು, ಇನ್ಮೇಲಾದ್ರೂ ಪುಸ್ತಕ ಬದಲಾಗುತ್ತೆ ಅಂತ ಖುಷಿ ಪಡೋರಿದ್ದಾರೆ. ಪಾಪ, ಆರಿಸೋರ ಸಂಕಟ ಅವರಿಗೇನು ಗೊತ್ತು. ಸಿ ಥರ ಪ್ರತಿ ಲೈನಿನ ಕೊನೆಗೆ ಸೆಮಿಕೋಲನ್ ಪೈಥಾನಲ್ಲಿ ಬೇಡ ಅಂದ್ಬಿಟ್ರೆ ಅರ್ಧ ಮಾರ್ಕ್ಸ್ ಎಲ್ಲಿ ಕಟ್ ಮಾಡೋದು ಸ್ವಾಮಿ?