ಶಿವಮೊಗ್ಗ ನೋಡ್ತಾ ಇದೆ

ನಮ್ಮ ಮಾವನವರಿಗೆ ಬೇರೆ ಯಾವ ಚಟವೂ ಇಲ್ಲ. ಸಿಗರೇಟಿಲ್ಲ, ಎಲೆ ಅಡಿಕೆ ಬಿಟ್ಟು ವರ್ಷಗಳಾದವು, ಕಾಫಿಗೂ ಸಕ್ಕರೆ ಬೇಡ. ಇರುವುದು ಒಂದೇ. ಏನು ಕಂಡರೂ ಫೋನ್ ಎತ್ತಿ ಹಿಡಿದು ಶಿವಮೊಗ್ಗಕ್ಕೆ ತೋರಿಸುತ್ತಾರೆ. ಟ್ರಾಮ್ ಬಂದರೆ ಟ್ರಾಮ್ ತೋರಿಸುತ್ತಾರೆ. ಬರದಿದ್ದರೆ ಖಾಲಿ ಹಳಿ ತೋರಿಸುತ್ತಾರೆ. ನಾನು ನೈಟಿಯಲ್ಲಿ ಕಣ್ಣುಜ್ಜಿಕೊಂಡು ಹಾಲ್‌ಗೆ ಬಂದರೆ, "ನೋಡಕ್ಕ, ಈಗ ಎದ್ದಳು" ಅನ್ನುತ್ತಾರೆ. ಆ ಕಡೆ ಗಂಟೆ ಹನ್ನೊಂದೂವರೆ. ಈ ಕಡೆ ಇನ್ನೂ ಎಂಟು ಅನ್ನುವುದು ಅಲ್ಲಿ ಯಾರಿಗೂ ನೆನಪಿರುವುದಿಲ್ಲ.

ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ, ಅಲ್ವಾ? ನಾನೂ ಸುಮ್ನೆ ಸಹಿಸಿಕೊಂಡಿದ್ದೆ. ಆದರೆ ಮೊನ್ನೆ ಭಾನುವಾರದ ನೇರಪ್ರಸಾರದ ಬಿಸಿ ಇನ್ನೂ ಆರಿಲ್ಲ.

ನಾವಿರುವುದು ಜರ್ಮನಿಯ ಮ್ಯೂನಿಕ್‌ನಲ್ಲಿ. ಇಲ್ಲಿಗೆ ಬಂದವರು ಪ್ರೆಟ್ಜೆಲ್ ಎಂಬ ಗಂಟು ಹಾಕಿದಂಥ ಬ್ರೆಡ್ಡು ತಿನ್ನದೆ ವಾಪಸ್ ಹೋಗುವುದು ಕಷ್ಟ. ಬೇಕರಿ, ರೈಲ್ವೆ ನಿಲ್ದಾಣ, ಸೂಪರ್ ಮಾರ್ಕೆಟ್, ಎಲ್ಲಿ ನೋಡಿದರೂ ಅದೇ. ಮಾವನವರಿಗೂ ರುಚಿ ಹತ್ತಿತು. ದಿನಾ ಬೆಳಿಗ್ಗೆ ಒಂದು ಬೇಕೇ ಬೇಕು. ಆಮೇಲೊಂದು ದಿನ ಫೋನಿನಲ್ಲಿ ಎಲ್ಲೋ ಓದಿದರು, ಕೆಲವು ಬೇಕರಿಗಳು ಇದರ ಹಿಟ್ಟಿಗೆ ಹಂದಿ ಕೊಬ್ಬು ಹಾಕುತ್ತವೆ ಎಂದು. ಅದು ನಿಜವೇ, ಹಾಕುವವರಿದ್ದಾರೆ. ಅಂದಿನಿಂದ ಪ್ರತಿ ಬೇಕರಿಯಲ್ಲೂ ನನ್ನ ಮೂಲಕ ವಿಚಾರಣೆ. "ಬೆಣ್ಣೆ ಅಂತಾಳೆ ಸರಿ, ಬರೀ ಬೆಣ್ಣೆನಾ ಕೇಳು." ಗಲ್ಲಾದ ಹುಡುಗಿ ನನ್ನ ಮುಖ ನೋಡುತ್ತಾಳೆ. ಹಿಂದೆ ಕ್ಯೂ ಬೆಳೆಯುತ್ತದೆ. ಮಾವ ಆ ಕ್ಯೂವನ್ನೂ ಶಿವಮೊಗ್ಗಕ್ಕೆ ತೋರಿಸುತ್ತಾರೆ. ಕೊನೆಗೆ ತಾಳಲಾರದೆ "ಮನೇಲೇ ಮಾಡ್ತೀನಿ ಬಿಡಿ ಮಾವ" ಅಂದೆ.

ಆಫೀಸಿನ ಗೆಳತಿಯೊಬ್ಬಳು ಅಳತೆ ಬರೆದುಕೊಟ್ಟಳು. ಮೈದಾ 500 ಗ್ರಾಂ, ಬೆಣ್ಣೆ 40 ಗ್ರಾಂ, ಹಸಿ ಯೀಸ್ಟಿನ ಗಡ್ಡೆಯಲ್ಲಿ ಅರ್ಧ, ಉಪ್ಪು. ನೀರಿನ ಬದಲು ಕಪ್ಪು ಬಿಯರ್ 300 ಮಿಲಿ. ಬಿಯರ್ ಹಾಕಲೇಬೇಕೆಂಬ ಶಾಸ್ತ್ರ ಮ್ಯೂನಿಕ್ ಇರುವ ಈ ಬವೇರಿಯಾ ರಾಜ್ಯದಲ್ಲೂ ಇಲ್ಲ. ಆದರೆ ಕಪ್ಪು ಬಿಯರಿನ ಮಾಲ್ಟಿನಿಂದ ಒಂದು ಘಮ ಬರುತ್ತದೆ, ಬಣ್ಣವೂ ಚೆನ್ನಾಗಿ ಏರುತ್ತದೆ. ಓವನ್ನಿನ ಬಿಸಿಗೆ ಆಲ್ಕೋಹಾಲ್ ಬಹುಪಾಲು ಹಾರಿಹೋಗುತ್ತದೆ. ಪೂರ್ತಿ ಹೋಗುವುದಿಲ್ಲ, ಆದರೆ ತಲೆಗೇರುವಷ್ಟು ಖಂಡಿತ ಉಳಿಯುವುದಿಲ್ಲ. ಮಾವನವರಿಗೆ ಇದೆಲ್ಲ ಬಿಡಿಸಿ ಹೇಳಿದೆ. "ಕೆಮ್ಮಿನ ಔಷಧಿಯಲ್ಲೂ ಇರುತ್ತಲ್ಲ" ಎಂದು ಅವರೇ ಒಪ್ಪಿದರು.

ಬಿಯರನ್ನು ಬಾಟ್ಲಿಯಿಂದ ನೇರವಾಗಿ ಸುರಿಯುವಂತಿಲ್ಲ. ಗ್ಯಾಸ್ ಇದ್ದರೆ ಅಳತೆ ಲೋಟದಲ್ಲಿ ಅರ್ಧ ನೊರೆಯೇ. ತಣ್ಣಗಿದ್ದರೆ ಯೀಸ್ಟ್ ಬೇಗ ಏಳುವುದಿಲ್ಲ. ಹಾಗಾಗಿ ಬೆಳಿಗ್ಗೆಯೇ ಅಗಲವಾದ ಸ್ಟೀಲ್ ಪಾತ್ರೆಗೆ ಸುರಿದು ಕಟ್ಟೆಯ ಮೇಲೆ ಬಿಟ್ಟಿದ್ದೆ. ಹನ್ನೊಂದರ ಹೊತ್ತಿಗೆ ನನ್ನ ಎರಡೂ ಕೈ ಹಿಟ್ಟು ಬೆಣ್ಣೆಯಲ್ಲಿ ಮುಳುಗಿದ್ದಾಗ ಮಾವ ಫೋನ್ ಹಿಡಿದು ಒಳಗೆ ಬಂದರು.

ಶಿವಮೊಗ್ಗದಲ್ಲಿ ಆಗ ಮಧ್ಯಾಹ್ನ ಎರಡೂವರೆ. ಮಾವನವರ ಅಕ್ಕನ ಮನೆ. ಅಂದು ಅವರಲ್ಲಿ ಸತ್ಯನಾರಾಯಣ ಪೂಜೆ. ನೆಂಟರು, ಅಕ್ಕಪಕ್ಕದವರು ಎಲ್ಲ ಊಟ ಮುಗಿಸಿ ಹಾಲ್‌ನಲ್ಲಿ ಕೂತಿದ್ದಾರೆ. ದೊಡ್ಡತ್ತೆ ಫೋನನ್ನು ಟಿವಿ ಪಕ್ಕ ಒರಗಿಸಿಟ್ಟಿದ್ದಾರೆ, ಎಲ್ಲರಿಗೂ ಕಾಣಲಿ ಎಂದು.

"ಇದು ಬಿಯರು" ಎಂದು ಮಾವ ಶುರುಮಾಡಿದರು.

ಆ ಕಡೆ ಗಲಾಟೆ ತಟ್ಟನೆ ನಿಂತಿತು.

"ಪಾತ್ರೆ ತುಂಬ ಇದೆ ನೋಡಿ. ಬೆಳಿಗ್ಗೆ ಬೆಳಿಗ್ಗೇನೇ ತೆಗೆದಿಟ್ಟಿದ್ದಾಳೆ." ಫೋನ್ ಪಾತ್ರೆಯ ಮೇಲೆ ಬಗ್ಗಿತು. ಆಮೇಲೆ ಬಾಟ್ಲಿ ಎತ್ತಿಕೊಂಡು, ಕನ್ನಡಕ ಹಣೆಗೇರಿಸಿ, ಲೇಬಲ್ ಓದತೊಡಗಿದರು. ಜರ್ಮನ್ ಬರುವುದಿಲ್ಲ, ಆದರೆ ಅಂಕಿ ಎಲ್ಲ ಭಾಷೆಯಲ್ಲೂ ಒಂದೇ. "ಐದು ಪಾಯಿಂಟ್ ಒಂದು ಪರ್ಸೆಂಟು."

"ಯಾರಿಗೋ ಅದು?" ದೊಡ್ಡತ್ತೆಯ ದನಿ ಸಣ್ಣಗೆ ಬಂತು.

"ನನಗೇ! ಬೇಕು ಅಂದಿದ್ದೆ, ಪಾಪ ಅಂಗಡಿಗೆ ಹೋಗಿ ತಂದಿದ್ದಾಳೆ."

ಈ ಮಾತಿನಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಅದೇ ನನ್ನ ಸಂಕಟ. ಸೊಸೆಯ ಬಗ್ಗೆ ಅವರ ಮುಖದಲ್ಲಿ ಅಷ್ಟು ಹೆಮ್ಮೆ! ಕಾಲ್ ಕಟ್ ಮಾಡೋಣವೆಂದರೆ ಹತ್ತು ಬೆರಳಿಗೂ ಹಿಟ್ಟು. "ದೊಡ್ಡತ್ತೆ, ಅದು ಹಿಟ್ಟು ಕಲಸೋಕೆ!" ಎಂದು ನಿಂತಲ್ಲಿಂದಲೇ ಕೂಗಿದೆ. "ಯಾವ ಹಿಟ್ಟಮ್ಮ?" ಅಂದರು. ಮಾವ ಗೆಳತಿಯ ಚೀಟಿಯಲ್ಲಿದ್ದ ಚಿತ್ರ ತೋರಿಸಿದರು. ಸ್ವಲ್ಪ ಹೊತ್ತು ಬಿಟ್ಟು ಹಿಂದಿನಿಂದ ಯಾರೋ ಹೇಳಿದ್ದು ಸ್ಪಷ್ಟವಾಗಿ ಕೇಳಿಸಿತು. "ಕೋಡುಬಳೆಗೆ ಬಿಯರ್ ಹಾಕ್ತಾರಂತೆ."

ಅಲ್ಲಿಗೆ ಮುಗಿಯಿತೇ? ಇಲ್ಲ. ಹಿಟ್ಟು ನಾದಿ, ಉಬ್ಬಲು ಬಿಟ್ಟು, ಹಗ್ಗದಂತೆ ಹೊಸೆಯುವಾಗ ಮತ್ತೆ ಪ್ರಸಾರ. ನಡು ದಪ್ಪ, ತುದಿ ಸಣ್ಣ ಇರಬೇಕು. ತುದಿಗಳನ್ನು ಒಂದು ಸುತ್ತು ತಿರುವಿ, ಮಡಚಿ, ಹೆಗಲಿಗೆ ಅಂಟಿಸಬೇಕು. ಮಾವನ ಫೋನ್ ನನ್ನ ಮೊಣಕೈಗೆ ತಾಗಿ ಮೊದಲನೆಯದು ಎಂಟರಂತಾಯಿತು. ಅದನ್ನೇ ಮಾದರಿ ಎಂದು ತೋರಿಸಿದರು.

ಆಮೇಲೆ ಸೋಡಾ. ಪ್ರೆಟ್ಜೆಲ್‌ನ ಆ ಹೊಳೆಯುವ ಕಂದು ಮೈ ಬರುವುದು ಕ್ಷಾರದಿಂದ. ಬೇಕರಿಯವರು ಹಸಿ ಪ್ರೆಟ್ಜೆಲನ್ನು ನಾಲ್ಕು ಪರ್ಸೆಂಟ್ ಹತ್ತಿರದ ಕಾಸ್ಟಿಕ್ ಸೋಡಾ ನೀರಿನಲ್ಲಿ ಅದ್ದುತ್ತಾರೆ. ಹೌದು, ಕಟ್ಟಿಕೊಂಡ ಸಿಂಕಿಗೆ ಸುರಿಯುವ ಅದೇ ಕಾಸ್ಟಿಕ್ ಸೋಡಾ. ಬೇಯುವಾಗ ಅದು ನಿರಪಾಯದ ಕಾರ್ಬೊನೇಟ್ ಆಗುತ್ತದೆ. ಇದಕ್ಕೊಂದು ಕಥೆ ಇಲ್ಲಿ ಹೇಳುತ್ತಾರೆ. 1839ರ ಫೆಬ್ರವರಿ 11ರಂದು ಮ್ಯೂನಿಕ್‌ನ ಒಂದು ಕಾಫಿ ಹೌಸಿನಲ್ಲಿ ಪ್ಫಾನೆನ್‌ಬ್ರೆನರ್ ಎಂಬ ಬೇಕರಿಯವನು ಸಕ್ಕರೆ ನೀರು ಸವರುವ ಬದಲು ತಟ್ಟೆ ತೊಳೆಯಲು ಇಟ್ಟಿದ್ದ ಕ್ಷಾರದ ನೀರು ಸವರಿಬಿಟ್ಟನಂತೆ. ಹಾಳಾಗುವ ಬದಲು ಊರಿಗೇ ಹೆಸರು ಬಂತು. ಅದೃಷ್ಟವಂತ. ಅವನ ಪಕ್ಕ ಫೋನ್ ಹಿಡಿದು ಯಾರೂ ನಿಂತಿರಲಿಲ್ಲ.

ಮನೆಯಲ್ಲಿ ಕಾಸ್ಟಿಕ್ ಸೋಡಾ ಬೇಡವೆಂದು ನಾನು ಕುದಿಯುವ ನೀರಿಗೆ ಅಡುಗೆ ಸೋಡಾ ಹಾಕಿದೆ. ಹಾಕಿದ ತಕ್ಷಣ ಭುಸ್ ಎಂದು ನೊರೆ ಉಕ್ಕಿತು. ಇಂಥ ದೃಶ್ಯ ಬಿಡುತ್ತಾರೆಯೇ? ಫೋನ್ ಪಾತ್ರೆಯ ಮೇಲೇ ಹೋಯಿತು. ಕ್ಯಾಮೆರಾಗೆ ಹಬೆ ಹಿಡಿಯಿತು. "ಏನೂ ಕಾಣ್ತಿಲ್ಲ, ಬರೀ ಹೊಗೆ!" ಎಂದು ಶಿವಮೊಗ್ಗ ಕೂಗಿತು. ಮಾವ ಪಂಚೆಯ ಅಂಚಿನಿಂದ ಒರೆಸಿ, "ಬಿಯರ್ ಅಲ್ಲ, ಇದು ಸೋಡಾ" ಎಂದು ವಿವರಿಸಿದರು. ಬಿಯರು, ಮೇಲೆ ಸೋಡಾ. ಇನ್ನೇನು ಉಳಿಯಿತು!

ಬಯ್ಯಬಹುದಿತ್ತು. ಬಾಯಿಗೂ ಬಂದಿತ್ತು. ಆದರೆ ಈ ತೋರಿಸುವ ಅಭ್ಯಾಸ ಶುರುವಾಗಿದ್ದು ನಮ್ಮತ್ತೆ ಹೋದ ಮೇಲೆ. ಅದಕ್ಕೆ ಮುಂಚೆ ಕಂಡದ್ದನ್ನೆಲ್ಲ ಮನೆಗೆ ಬಂದು ಅವರಿಗೆ ಹೇಳುತ್ತಿದ್ದರು. ಅವರು ಅವರೆಕಾಳು ಸುಲಿಯುತ್ತಾ ಅರ್ಧ ಕೇಳಿ "ಹೂಂ" ಅನ್ನುತ್ತಿದ್ದರು. ಇಲ್ಲಿ ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತವೆ, ಬೀದಿಯಲ್ಲಿ ಮಾತಾಡಿಸಲು ಒಬ್ಬರೂ ಸಿಗುವುದಿಲ್ಲ. ನಾವಿಬ್ಬರೂ ಲ್ಯಾಪ್‌ಟಾಪಿನಲ್ಲಿ ತಲೆ ಹುದುಗಿಸಿಕೊಂಡಿರುತ್ತೇವೆ. ಒಂದು "ಹೂಂ" ಬೇಕಲ್ಲ ಅವರಿಗೂ.

ಆದರೂ ಲೇಬಲ್ ಓದಬೇಕಿತ್ತಾ?

ಪ್ರೆಟ್ಜೆಲ್ ಚೆನ್ನಾಗಿಯೇ ಬಂತು. ಹೊರಗೆ ಗರಿ, ಒಳಗೆ ಮೆತ್ತಗೆ. ಮಾವ ಚಟ್ನಿಪುಡಿ ತುಪ್ಪ ಹಚ್ಚಿಕೊಂಡು ಎರಡು ತಿಂದರು, ಎಂಟರಂತಿದ್ದುದನ್ನೂ ಬಿಡಲಿಲ್ಲ. ಅರ್ಧ ಲೀಟರ್ ಬಾಟ್ಲಿಯಲ್ಲಿ ಮಿಕ್ಕ 200 ಮಿಲಿಯ ಬಗ್ಗೆ ನನ್ನ ಗಂಡನನ್ನೇ ಕೇಳಬೇಕು. ಸಂಜೆಯೊಳಗೆ ಫ್ಯಾಮಿಲಿ ಗ್ರೂಪಿನಲ್ಲಿ "ಮಾವ ಅಲ್ಲಿ ಹುಷಾರಾಗಿದ್ದಾರಲ್ಲ?" ಎಂಬ ವಿಚಾರಣೆ. ಒಬ್ಬರು ಆಲ್ಕೋಹಾಲ್ ಇಲ್ಲದ ಬಿಯರೂ ಸಿಗುತ್ತದೆ ಎಂದು ತಿಳಿಸಿದರು. ಇನ್ನೊಬ್ಬರು ಕುಡಿತ ಬಿಡಿಸುವ ಶಿಬಿರದ ಪಾಂಪ್ಲೆಟ್ ಕಳಿಸಿದರು, ಯಾರಿಗೆಂದು ಹೇಳಲಿಲ್ಲ.

ಇಲ್ಲಿ ಬಿಯರ್ ಬಾಟ್ಲಿ ವಾಪಸ್ ಕೊಟ್ಟರೆ ಎಂಟು ಸೆಂಟ್ ಠೇವಣಿ ಸಿಗುತ್ತದೆ. ದುಡ್ಡು ಬಿಡುವ ಪೈಕಿಯಲ್ಲ ನಮ್ಮ ಮಾವ. ಸೋಮವಾರ ಸಂಜೆ ನನ್ನನ್ನು ಹೊರಡಿಸಿಕೊಂಡು ಸೂಪರ್ ಮಾರ್ಕೆಟ್ಟಿನ ಯಂತ್ರದ ಮುಂದೆ ನಿಂತರು. ಹಿಂದೆ ಕ್ರೇಟುಗಟ್ಟಲೆ ಬಾಟ್ಲಿ ಹೊತ್ತ ಜನ. ಒಂದು ಕೈಯಲ್ಲಿ ಬಾಟ್ಲಿ, ಇನ್ನೊಂದರಲ್ಲಿ ಫೋನ್. ಯಂತ್ರ ಬಾಟ್ಲಿ ನುಂಗಿ ಚೀಟಿ ಉಗುಳಿತು.

"ನೋಡಕ್ಕ, ಹತ್ತಿರ ಹತ್ತಿರ ಎಂಟು ರೂಪಾಯಿ!"

ದೊಡ್ಡತ್ತೆಯ ಉತ್ತರ ಸ್ಪೀಕರಿನಲ್ಲಿ ಇಡೀ ಅಂಗಡಿಗೆ ಕೇಳಿಸಿತು. "ಒಂದೇ ಬಾಟ್ಲಿಗೆ ಅಷ್ಟು ದೂರ ಹೋದ್ಯೇನೋ? ಉಳಿದಿದ್ದೆಲ್ಲ ಎಲ್ಲಿಟ್ಟಿದ್ದಾಳೆ ಅವಳು?"