ಚಪ್ಪಲಿ ಹಾರಕ್ಕೆ ನಾಚುವ ಕಾಲ ಹೋಯ್ತಾ?

ನಿನ್ನೆ ನಮ್ಮೂರ ಸರ್ಕಲ್‌ನಲ್ಲಿ ಮತ್ತೆ ರಾಜಕಾರಣಿಯೊಬ್ಬರ ಪ್ರತಿಕೃತಿ ದಹನ. ಹಳೇ ಪ್ಯಾಂಟಿಗೆ ಹುಲ್ಲು ತುಂಬಿ, ಕೊರಳಿಗೆ ಹವಾಯಿ ಚಪ್ಪಲಿ ಹಾರ ಹಾಕಿ, ಕತ್ತೆಯ ಮೇಲೆ ಹಿಂದುಮುಂದಾಗಿ ಕೂರಿಸಿ ತಮಟೆ ಬಡಿದರು. ಪಾಪ, ಕತ್ತೆ ಬೆದರಿ ನಡುಗುತ್ತಿತ್ತು.

ಹಿಂದೆ ತಪ್ಪು ಮಾಡಿದವನ ತಲೆ ಬೋಳಿಸಿ, ಸುಣ್ಣದ ಬೊಟ್ಟಿಟ್ಟು ಹೀಗೇ ಮೆರವಣಿಗೆ ಮಾಡುತ್ತಿದ್ದರಂತೆ. ಆಮೇಲೆ ಅದೇ ಬೀದಿಯಲ್ಲಿ ಅವನು ತಲೆ ಎತ್ತಿ ಓಡಾಡೋದು ಕಷ್ಟವಿತ್ತು. ಈ ರಾಜಕಾರಣಿಗಳಿಗೆ ಏನಾಗುತ್ತೆ ಹೇಳಿ? 2019ರಲ್ಲಿ ನಮ್ಮ ಕರ್ನಾಟಕದ 17 ಶಾಸಕರು ಪಕ್ಷಾಂತರದ ಕಾರಣಕ್ಕೆ ಅನರ್ಹರಾದರು. ಬೈಯದ ಬಾಯಿಲ್ಲ. ಡಿಸೆಂಬರ್ ಉಪಚುನಾವಣೆಗೆ ಅವರಲ್ಲಿ 13 ಜನ ಮತ್ತೆ ನಿಂತರು, 11 ಜನ ಗೆದ್ದರು. ಓಟು ಹಾಕಿದ್ದು ಜನರೇ ಅಲ್ವಾ? ಹೊಟ್ಟೆ ಉರಿಯೋದು ಅದಕ್ಕೇ.

ನಮ್ಮ ಬೀದಿಯ ಚರಂಡಿ ಇನ್ನೂ ಕಟ್ಟಿಕೊಂಡೇ ಇದೆ. ಸುಟ್ಟ ಹುಲ್ಲಿನ ಬೂದಿಯೂ ಈಗ ಅದರೊಳಗೇ ಬಿದ್ದಿದೆ.