ಚಾವಡಿಯ ಪಿರಮಿಡ್ಡು

ನಮ್ಮ ಮನೆಯ ಮೊದಲ ರಿಮೋಟ್ ಎಕ್ಸ್‌ಟೆಂಡರ್ ನಾನೇ. ಹಂಚಿನ ಮಾಡಿನ ಪಕ್ಕ ಒಂದು ಕಂಬ, ಕಂಬದ ತುದಿಗೆ ಆಂಟೆನಾ, ಬುಡದಲ್ಲಿ ನಾನು. ಒಳಗಿನಿಂದ ಅಪ್ಪ "ಬಂತು, ಬಂತು... ಹೋಯ್ತು ಮಾರಾಯ" ಅಂತ ಕೂಗುವುದು, ನಾನು ಜಿರಿಜಿರಿ ಮಳೆಯಲ್ಲಿ ಕಂಬ ತಿರುಗಿಸುವುದು. ಆಮೇಲೆ ಕೇಬಲ್ ಬಂತು, ಸೆಟ್ ಟಾಪ್ ಬಾಕ್ಸ್ ಬಂತು. ನನಗೆ ಮಾತ್ರ ಬಿಡುಗಡೆ ಸಿಗಲಿಲ್ಲ. ಅಮ್ಮ ಅಡುಗೆಮನೆಯಿಂದ "ಮಗಾ, ಸ್ವಲ್ಪ ಚಾನೆಲ್ ಹಾಕು" ಅಂದರೆ ಚಾವಡಿಗೆ ಓಡಬೇಕು.

ಯಾಕೆಂದರೆ ನಮ್ಮಲ್ಲಿ ಟಿವಿ ಎರಡು, ಬಾಕ್ಸ್ ಒಂದೇ. ಚಾವಡಿಯಲ್ಲಿ ಹೊಸ ಟಿವಿ, ಬಾಕ್ಸಿನ ಎಚ್‌ಡಿಎಂಐ ವಯರು ಅದಕ್ಕೆ. ಹಳೆಯ ದಪ್ಪ ಟಿವಿಯನ್ನು ಬಿಸಾಡಲು ಮನಸ್ಸಾಗದೆ ಅಡುಗೆಮನೆಯ ಅಟ್ಟಳಿಗೆಯಲ್ಲಿ ಇಟ್ಟಿದ್ದೆವು. ಅದೇ ಬಾಕ್ಸಿನ ಹಿಂದೆ ಹಳದಿ, ಕೆಂಪು, ಬಿಳಿ ಕಿಂಡಿ ಇರುತ್ತದಲ್ವಾ, ಅಲ್ಲಿಂದ ಉದ್ದದ ವಯರು ಎಳೆದು, ಕಿಟಕಿ ದಾಟಿಸಿ, ಜಂತಿಗೆ ಕಟ್ಟಿ ಅಲ್ಲಿಗೂ ಚಿತ್ರ ಮುಟ್ಟಿಸಿದೆ. ಇನ್ನೊಂದು ಬಾಕ್ಸ್ ಅಂದರೆ ತಿಂಗಳು ತಿಂಗಳು ಇನ್ನಷ್ಟು ದುಡ್ಡು, ಅದು ಅಪ್ಪನಿಗೆ ಆಗದ ಮಾತು. ಡಿಶ್ ಹಾಕಿಸಿ ಅಂತ ಮಣಿಪಾಲದ ಗೆಳೆಯ ಹೇಳಿದ. ವರ್ಷಕ್ಕೆ ಹೆಚ್ಚುಕಮ್ಮಿ 4000 ಮಿಲಿಮೀಟರ್ ಮಳೆ ಬೀಳುವ ಉಡುಪಿಯಲ್ಲಿ, ಜೋರು ಮಳೆ ಹಿಡಿದ ಕೂಡಲೇ ಸಿಗ್ನಲ್ ಇಲ್ಲ ಅನ್ನುವ ಆ ತಟ್ಟೆಯನ್ನು ಜುಲೈ ತಿಂಗಳಲ್ಲಿ ನೋಡಿದವರು ಯಾರೂ ಹಾಗೆ ಹೇಳುವುದಿಲ್ಲ.

ಚಿತ್ರ ಬಂತು, ಸ್ವರ ಬಂತು, ರಿಮೋಟ್ ಹೋಗಲಿಲ್ಲ. ರಿಮೋಟಿನಿಂದ ಹೊರಡುವುದು ನಮ್ಮ ಕಣ್ಣಿಗೆ ಕಾಣದ ಬೆಳಕು, ಸೆಕೆಂಡಿಗೆ ಸುಮಾರು 38,000 ಸಲ ಮಿಣುಕುತ್ತದೆ. (ಬೇಕಾದರೆ ಮೊಬೈಲಿನ ಸೆಲ್ಫಿ ಕ್ಯಾಮೆರಾದ ಎದುರು ಹಿಡಿದು ಗುಂಡಿ ಒತ್ತಿ, ನೇರಳೆ ಬಣ್ಣದ ಚುಕ್ಕೆ ಕಾಣುತ್ತದೆ. ಸೆಲ್ ಹೋಗಿದೆಯಾ ರಿಮೋಟೇ ಹೋಗಿದೆಯಾ ಅಂತ ನೋಡಲು, ಅಂಗೈಗೆ ಬಡಿಯುವುದಕ್ಕಿಂತ ಇದು ಒಳ್ಳೆಯದು.) ಆದರೆ ಎಷ್ಟಾದರೂ ಬೆಳಕು ತಾನೇ? ಅಮ್ಮನ ಮಸಾಲೆ ಕೈಗೆಂದು ಸುತ್ತಿದ ಪ್ಲಾಸ್ಟಿಕ್ ಕವರ್ ದಾಟಿ ಆರಾಮಾಗಿ ಹೋಗುತ್ತದೆ, ಕೆಂಪುಕಲ್ಲಿನ ಗೋಡೆಯ ಎದುರು ಸೋಲುತ್ತದೆ.

ಸಿಟಿ ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಯವ ರಿಮೋಟ್ ಎಕ್ಸ್‌ಟೆಂಡರ್ ಅಂತ ಎರಡು ಕಪ್ಪು ಪಿರಮಿಡ್ಡು ಕೊಟ್ಟ. ಜೊತೆಗೆ ಬಾಕ್ಸಿಗೆ ಹೊಂದುವ ಇನ್ನೊಂದು ರಿಮೋಟು. ಒಂದು ಪಿರಮಿಡ್ಡು ಅಡುಗೆಮನೆಯಲ್ಲಿ ಕೂತು ರಿಮೋಟಿನ ಬೆಳಕನ್ನು ಹಿಡಿದು ರೇಡಿಯೋ ಅಲೆ ಮಾಡಿ ಕಳಿಸುತ್ತದೆ, 433 ಮೆಗಾಹರ್ಟ್ಸ್‌ನಲ್ಲಿ. ರೇಡಿಯೋಗೆ ಗೋಡೆಯ ಹಂಗಿಲ್ಲ. ಚಾವಡಿಯ ಪಿರಮಿಡ್ಡು ಅದನ್ನು ಪುನಃ ಬೆಳಕು ಮಾಡಿ ಬಾಕ್ಸಿನ ಮುಖಕ್ಕೆ ಬಿಡುತ್ತದೆ. ಇಷ್ಟೇ ಕೆಲಸ. ಇಷ್ಟೇ ಕೆಲಸಕ್ಕೆ ನಾನು ಇಡೀ ಭಾನುವಾರ ಕಳೆದೆ. ಮೊದಲು ಎರಡನ್ನೂ ಒಂದೇ ಮೇಜಿನ ಮೇಲಿಟ್ಟು ಪರೀಕ್ಷೆ ಮಾಡಿದೆ, ಇದು ಬಿಟ್ಟ ಬೆಳಕನ್ನು ಅದು ಹಿಡಿದು, ಅದು ಕಳಿಸಿದ್ದನ್ನು ಇದು ಬಿಟ್ಟು, ಇಬ್ಬರೂ ತಮ್ಮತಮ್ಮಲ್ಲೇ ಪಟ್ಟಾಂಗ ಹೊಡೆಯಲು ಶುರುಮಾಡಿದವು, ಕೆಂಪು ದೀಪ ಆರುವುದೇ ಇಲ್ಲ. ಬೇರೆ ಬೇರೆ ಕೋಣೆಗೆ ಹಾಕಿದ ಮೇಲೆ ಸರಿಯಾಯಿತು, ಆಮೇಲೆ ಅಡುಗೆಮನೆಯ ಸಿಎಫ್‌ಎಲ್ ಬಲ್ಬು ಹಾಕಿದರೆ ಪುನಃ ಮಿಣಮಿಣ. ಬಲ್ಬಿಗೆ ಬೆನ್ನು ಹಾಕಿ ಕೂರಿಸಿದ ಮೇಲೆ ಸುಮ್ಮನಾಯಿತು.

ನಮ್ಮದು ಬೆಳಕಿನ ರಿಮೋಟ್ ಆದದ್ದು ಒಳ್ಳೆಯದೇ ಆಯಿತು. ಅಮೆರಿಕದಲ್ಲಿ 1956ರಲ್ಲಿ ಬಂದ ಝೆನಿತ್ ಕಂಪೆನಿಯ ರಿಮೋಟಿಗೆ ಸೆಲ್ಲೇ ಇರಲಿಲ್ಲವಂತೆ, ಒಳಗೆ ಅಲ್ಯೂಮಿನಿಯಂ ಸರಳು, ಗುಂಡಿ ಒತ್ತಿದರೆ ಪುಟ್ಟ ಸುತ್ತಿಗೆ ಬಡಿದು ನಮ್ಮ ಕಿವಿಗೆ ಕೇಳದ ಸ್ವರ ಹೊರಡುತ್ತಿತ್ತು. ನಾಣ್ಯ ಬಿದ್ದರೂ, ಬೀಗದ ಕೈ ಗೊಂಚಲು ಅಲ್ಲಾಡಿದರೂ ಕೆಲವೊಮ್ಮೆ ಚಾನೆಲ್ ಬದಲಾಗುತ್ತಿತ್ತು. ನಮ್ಮ ಅಡುಗೆಮನೆಯಲ್ಲಿ ಅದು ಇದ್ದಿದ್ದರೆ ಒಂದು ಒಗ್ಗರಣೆ ಮುಗಿಯುವುದರೊಳಗೆ ಎಲ್ಲ ಚಾನೆಲ್ ತಿರುಗಿ ಬರುತ್ತಿತ್ತು.

ಒಂದು ವಿಷಯ ನಾನು ಯೋಚಿಸಿಯೇ ಇರಲಿಲ್ಲ. ಬಾಕ್ಸ್ ಒಂದೇ ಅಂದ ಮೇಲೆ ಅಮ್ಮ ಅಲ್ಲಿ ಬದಲಿಸಿದ್ದು ಇಲ್ಲಿಯೂ ಬದಲಾಗುತ್ತದೆ. ಶನಿವಾರ ರಾತ್ರಿ ಲೋಕಲ್ ಚಾನೆಲಿನಲ್ಲಿ ಕಂಬಳದ ಲೈವ್. ನೇಗಿಲು ಹಿರಿಯ ವಿಭಾಗ, ಕೋಣಗಳು ಓಟ ಶುರುವಾಗುವ ಗಂತಿನಲ್ಲಿ ನಿಂತಿವೆ, ಅಪ್ಪ ಈಸಿಚೇರಿನ ತುದಿಗೆ ಬಂದಿದ್ದಾರೆ, ಇನ್ನೇನು ಬಿಡಬೇಕು, ಅಷ್ಟರಲ್ಲಿ ಪರದೆಯ ಮೇಲೆ ಹಾಡಿನ ಸ್ಪರ್ಧೆ. ಅಪ್ಪ ವಾಪಸ್ ಹಾಕಿದರು. ಪುನಃ ಹಾಡು. ಅಪ್ಪ ಎದ್ದು ಬಾಕ್ಸಿಗೆ ಎರಡು ಬಡಿದರು. ಅಡುಗೆಮನೆಯಲ್ಲಿ ನೀರುದೋಸೆ ಕಾವಲಿಗೆ ಬೀಳುವ ಚುಂಯ್ ಸ್ವರ ಬಿಟ್ಟರೆ ಬೇರೆ ಮಾತಿಲ್ಲ. ಮಾರನೇ ದಿನ ಕೇಬಲಿನ ಹುಡುಗ ಬಂದು ನೋಡಿ "ಬಾಕ್ಸ್ ಸರಿ ಉಂಟಲ್ವಾ" ಅಂತ ಹೋದ. ನಾನು ಪಿರಮಿಡ್ಡಿನ ಸುದ್ದಿ ಎತ್ತಲಿಲ್ಲ. ಚಾವಡಿಯಲ್ಲಿ ಇಟ್ಟಾಗಲೇ ಅಪ್ಪ ಅದನ್ನು ಸೊಳ್ಳೆ ಓಡಿಸುವ ಎಂತದೋ ಅಂದುಕೊಂಡಿದ್ದರು.

ಎಷ್ಟು ದಿನ ಹಾಗೆ ಅಂದುಕೊಂಡಿದ್ದರೋ ಗೊತ್ತಿಲ್ಲ. ಮುಂದಿನ ಶನಿವಾರ ಅಡುಗೆಮನೆಯಿಂದ ರಿಮೋಟನ್ನು ಅಂಗೈಗೆ ಬಡಿಯುವ ಸ್ವರ ಕೇಳಿತು. ಆಮೇಲೆ, "ಮಗಾ, ಇದು ಹೋಗುದಿಲ್ಲ ಮಾರಾಯ, ಸ್ವಲ್ಪ ನೀನೇ ಹಾಕು." ಚಾವಡಿಗೆ ಹೋದೆ. ಕೋಣಗಳು ಓಡುತ್ತಿದ್ದವು. ಬಾಕ್ಸಿನ ಎದುರು ಪಿರಮಿಡ್ಡಿನ ಮೇಲೆ ನೀರು ಕುಡಿಯುವ ಸ್ಟೀಲ್ ಲೋಟ ಕವುಚಿ ಹಾಕಿತ್ತು. ಅಪ್ಪ ನನ್ನನ್ನು ನೋಡಲೇ ಇಲ್ಲ.

"ವೋಲ್ಟೇಜ್ ಕಮ್ಮಿ ಉಂಟಮ್ಮಾ" ಅಂತ ಅಲ್ಲಿಂದಲೇ ಕೂಗಿ, ಅಪ್ಪನ ಪಕ್ಕದ ಸ್ಟೂಲಿನಲ್ಲಿ ಕೂತೆ.